ಹೊಳೆದಂಡೆಯಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿದೆ, ನಾಯಿ ಜೊತೆ ಅದೇ ದಾರಿಯಲ್ಲಿ ಓಡಾಡಬಹುದಾ?

ಹೊಳೆಸಾಲು, ಹರಿಹರ
ಏಪ್ರಿಲ್ 10

ಎಲ್ಲರಿಗೂ ನಮಸ್ಕಾರ. ನಾನು ಹರಿಹರದವಳು. ಬ್ಲೌಸು, ಚೂಡಿದಾರ ಹೊಲಿಯುವ ಸಣ್ಣ ಅಂಗಡಿ ಇದೆ. ಎರಡು ವರ್ಷದ ಹಿಂದೆ ಜಡಿಮಳೆ ಹಿಡಿದಾಗ ಅಂಗಡಿ ಮೆಟ್ಟಿಲ ಕೆಳಗೆ ಒಂದು ನಾಯಿಮರಿ ನಡುಗುತ್ತಾ ಕೂತಿತ್ತು. ರಾಗಿಹಿಟ್ಟಿನ ಬಣ್ಣ, ಹಾಗಾಗಿ ರಾಗಿ ಅಂತಲೇ ಹೆಸರು. ಅವಳನ್ನು ಕರೆದುಕೊಂಡು ದಿನಾ ಬೆಳಗ್ಗೆ ಐದೂ ಮುಕ್ಕಾಲಿಗೆ ಹೊಳೆ ಕಡೆ ಹೊರಟರೆ ಏಳೂ ಕಾಲಿಗೆ ವಾಪಸ್. ಸೇತುವೆ ಕೆಳಗೆ ಇಳಿದು, ಸೂಳೆಕೆರೆ ಹಳ್ಳ ಬಂದು ತುಂಗಭದ್ರೆಗೆ ಸೇರುವ ಕಡೆವರೆಗೂ ದಂಡೆಗುಂಟ ನಡೆಯುತ್ತೇವೆ.

ಅವಳು ಬರುವವರೆಗೆ ಹೊಳೆ ಅಂದರೆ ನನಗೆ ಅಮಾವಾಸ್ಯೆಗೆ ಮಿಂದು ಹರಿಹರೇಶ್ವರನಿಗೆ ಕೈಮುಗಿದು ಬರುವ ಜಾಗ, ಅಷ್ಟೇ. ಈಗ ರಾಗಿ ಎಲ್ಲಿ ಮೂಗಿಟ್ಟು ನಿಲ್ಲುತ್ತಾಳೋ ಅಲ್ಲಿ ನಾನೂ ಬಗ್ಗಿ ನೋಡುತ್ತೇನೆ. ಬೇಸಿಗೆಯಲ್ಲಿ ಎಲ್ಲಾ ಒಣಗಿ ಹೋಗಿರುತ್ತದೆ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಮುತ್ತುಗ ಮುಗಿಯುತ್ತಿದ್ದ ಹಾಗೆ ಬೇವು ಬಿಟ್ಟಿತು, ಬೇವಿನ ಹಿಂದೆಯೇ ಹೊಂಗೆ. ನಮ್ಮ ದಾರಿಯಲ್ಲಿ ಮೂರು ಹೊಂಗೆ ಮರ ಇವೆ. ಅವುಗಳ ಬುಡದಲ್ಲಿ ಈಗ ಯಾರೋ ಮಂಡಕ್ಕಿ ಚೀಲ ಸುರಿದು ಹೋದ ಹಾಗಿದೆ, ಕಾಲಿಟ್ಟರೆ ಮೆತ್ತಗೆ. ಎಕ್ಕದ ಗಿಡಕ್ಕಂತೂ ಬಿಸಿಲು ಹೆಚ್ಚಾದಷ್ಟೂ ಉಮೇದು. ದೊಡ್ಡ ಕಪ್ಪು ದುಂಬಿ ಬಂದು ಕೂತರೆ ಇಡೀ ಗೊಂಚಲು ಬಾಗುತ್ತದೆ. ದಂಡೆಯ ಮಣ್ಣುಗೋಡೆಯಲ್ಲಿ ಐದಾರು ತೂತು ಇವೆ. ಅದರೊಳಗೆ ಹಸಿರು ಕಳ್ಳಿಪೀರ ಹಕ್ಕಿ ಬಾಯಲ್ಲಿ ಹುಳ ಹಿಡಿದು ನುಗ್ಗುವುದನ್ನು ನೋಡುತ್ತಾ ಒಂದು ದಿನ ಅಂಗಡಿ ಬಾಗಿಲು ತೆಗೆಯುವುದೇ ತಡವಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಸೋಮವಾರ ನೊರಜುಗಲ್ಲು ಇರುವ ಕಡೆ ರಾಗಿ ತಟ್ಟನೆ ನಿಂತಳು. ಬಾಲ ಅಲ್ಲಾಡಲಿಲ್ಲ. ಅಷ್ಟರಲ್ಲಿ ಎರಡು ಟಿಟ್ಟಿಭ ಕಿರುಚುತ್ತಾ ನಮ್ಮ ತಲೆ ಸವರಿಕೊಂಡೇ ಹಾರಿದವು. ಯಾಕೆ ಅಂತ ಕಾಲ ಬುಡ ನೋಡಿದೆ, ಏನೂ ಕಾಣಲಿಲ್ಲ. ಮತ್ತೆ ನೋಡಿದೆ. ಆಮೇಲೆ ಕಂಡಿತು: ನಾಲ್ಕು ಮೊಟ್ಟೆ. ಗೂಡು ಅಂತ ಕಡ್ಡಿ ಇಲ್ಲ, ಹುಲ್ಲಿಲ್ಲ. ನೆಲ ಸ್ವಲ್ಪ ತಗ್ಗು, ಸುತ್ತ ಕಡಲೆ ಗಾತ್ರದ ಕಲ್ಲು. ಮೊಟ್ಟೆ ಮಣ್ಣಿನ ಬಣ್ಣ, ಮೇಲೆ ಮಸಿ ಚಿಮುಕಿಸಿದ ಹಾಗೆ ಕಪ್ಪು ಮಚ್ಚೆ. ನಾಲ್ಕರ ಚೂಪು ತುದಿಯೂ ಒಳಮುಖ, ನಾವು ನಾಲ್ಕು ಕಳಿ, ಅಂದರೆ ಚೂಪು ತುದಿಯ ಬಟ್ಟೆ ತುಂಡು, ಸೇರಿಸಿ ಟೋಪಿ ಹೊಲಿಯುತ್ತೇವಲ್ಲ, ಹಾಗೆ. ನನ್ನ ಪಾದಕ್ಕೂ ಅದಕ್ಕೂ ಒಂದು ಗೇಣು ಇರಲಿಲ್ಲ. ಎದೆ ಧಸಕ್ಕೆಂದಿತು. ಎರಡು ವಾರದಿಂದ ಅದೇ ಜಾಗದಲ್ಲಿ ರಾಗಿಯನ್ನು ಹಗ್ಗ ಬಿಚ್ಚಿ ಓಡಲು ಬಿಡುತ್ತಿದ್ದೆ.

ಕೇಳಬೇಕಾದ್ದು ಮೂರು. ಆ ದಾರಿ ಬಿಡಬೇಕಾ, ಅಥವಾ ಹಗ್ಗ ಹಿಡಿದು ದೂರದಲ್ಲಿ ಹೋದರೆ ಸಾಕಾ? ಗುರುತಿಗೆ ಒಂದು ಕೋಲು ನೆಡಲಾ? ಮೂರನೆಯದು ಗಿಡದ ವಿಷಯ. ಅಲ್ಲೇ ಪಕ್ಕದಲ್ಲಿ ನೆಲಕ್ಕೆ ಅಂಟಿಕೊಂಡು ಒಂದು ಮುಳ್ಳಿನ ಗಿಡ ಇದೆ, ಎಲೆಯ ಮೇಲೂ ಗುಂಡುಸೂಜಿಯಂಥ ಹಳದಿ ಮುಳ್ಳು. ಹೂವು ನೇರಳೆ, ಐದು ಮೂಲೆ, ನಡುವೆ ಹಳದಿ ಗುಂಡಿ ಹೊಲಿದ ಹಾಗೆ. ಅದರ ಹೆಸರೇನು?

ಇನ್ನೊಂದು ಮರೆತೆ. ಬಂಡೆ ಮೇಲೆ ಕಪ್ಪಗಿನ ಹಿಕ್ಕೆ ಇರುತ್ತದೆ, ತುಂಬಾ ಮೀನಿನ ಹುರುಪೆ, ವಾಸನೆ ಜೋರು. ರಾಗಿಗೆ ಅದರ ಮೇಲೆ ವಿಪರೀತ ಕುತೂಹಲ.


ಕಲ್ಲಿನಕೋಟೆ ಮೇಷ್ಟ್ರು, ಚಿತ್ರದುರ್ಗ
ಏಪ್ರಿಲ್ 10

ತಂಗೀ, ಬಹಳ ಚೆನ್ನಾಗಿ ನೋಡಿದ್ದೀಯಮ್ಮ. ಗಿಡದ ಹೆಸರು ನೆಲಗುಳ್ಳ. ಬದನೆಯ ಬಳಗ, ಹೂವು ನೋಡಿದರೆ ಗೊತ್ತಾಗುತ್ತದೆ. ಕಾಯಿ ಮೊದಲು ಹಸಿರು, ಮೇಲೆ ಬಿಳಿ ಪಟ್ಟೆ, ಹಣ್ಣಾದ ಮೇಲೆ ಹಳದಿ ಗೋಲಿ. ಆಯುರ್ವೇದದ ದಶಮೂಲದಲ್ಲಿ ಇದೂ ಒಂದು. ನಮ್ಮ ಅಜ್ಜಿ ಹುಳುಕು ಹಲ್ಲಿಗೆ ಇದರ ಬೀಜದ ಹೊಗೆ ಹಿಡಿಸುತ್ತಿದ್ದರು. ನಾಯಿ ಹಣ್ಣು ತಿನ್ನದಂತೆ ನೋಡಿಕೋ.

ಕೋಲು ಖಂಡಿತ ನೆಡಬೇಡ. ಆ ಮೊಟ್ಟೆಗೆ ಇರುವ ಒಂದೇ ಕಾವಲು ಅಂದರೆ ಕಣ್ಣಿಗೆ ಕಾಣದಿರುವುದು. ಕೋಲು ನೆಟ್ಟರೆ ಕಾಗೆಗೆ ವಿಳಾಸ ಬರೆದುಕೊಟ್ಟಂತೆ, ಹುಡುಗರಿಗೂ ಕುತೂಹಲ. ದೂರದ ಒಂದು ಮರವನ್ನೋ ಬಂಡೆಯನ್ನೋ ಗುರುತಿಟ್ಟುಕೋ, ಸಾಕು. ಹಕ್ಕಿ ಎದ್ದು ಕೂಗಲು ಶುರು ಮಾಡಿತು ಅಂದರೆ ನೀನು ಆಗಲೇ ಹತ್ತಿರ ಬಂದುಬಿಟ್ಟಿದ್ದೀಯ ಅಂತ ಅರ್ಥ. ಅದು ಕೂತಲ್ಲಿಂದ ಏಳದಷ್ಟು ದೂರದಲ್ಲಿ ಹಾದು ಹೋಗು. ಈ ಬಿಸಿಲಿಗೆ ತಾಯಿ ಬಹಳ ಹೊತ್ತು ಎದ್ದು ಹೋದರೆ ಮೊಟ್ಟೆ ಒಳಗೇ ಬೇಯಬಹುದು. ನಡುಮಧ್ಯಾಹ್ನ ಅವು ಕಾವು ಕೊಡುವುದಕ್ಕಿಂತ ನೆರಳು ಕೊಡಲೆಂದೇ ಕೂರುತ್ತವೆ. ಹೊಳೆಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದನ್ನೂ ನಾನು ನೋಡಿದ್ದೇನೆ. ನಾಲ್ಕು ವಾರದ ಕೆಲಸ ಅದು. ಆಮೇಲೆ ಮರಿ ಗೂಡಲ್ಲಿ ಕೂರುವುದಿಲ್ಲ, ಪುಕ್ಕ ಒಣಗಿದ ತಕ್ಷಣ ಎದ್ದು ನಡೆಯುತ್ತದೆ.

ಮೀನಿನ ಹುರುಪೆ ಇರುವ ಹಿಕ್ಕೆ, ಬಂಡೆ ಮೇಲೆ, ಅದೂ ಮತ್ತೆ ಮತ್ತೆ ಅದೇ ಜಾಗದಲ್ಲಿ ಅಂದರೆ ನೀರುನಾಯಿಯದೇ ಇರಬೇಕು. ಇದೇ ತುಂಗಭದ್ರೆಯಲ್ಲಿ, ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರನ್ನು 2015ರಲ್ಲಿ ನೀರುನಾಯಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅವುಗಳ ನೆಂಟರು ನಿಮ್ಮೂರ ಮಡುವಿನಲ್ಲಿದ್ದರೆ ಅದು ನಿಮ್ಮ ಪುಣ್ಯ.

ನಮ್ಮ ದುರ್ಗದ ಬೇಸಿಗೆಯೇ ಬೇರೆ. ಇಲ್ಲಿ ಕಲ್ಲೇ ಹೂ ಬಿಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಅರಿಶಿನ ಬೂರುಗ ಒಂದೂ ಎಲೆ ಇಲ್ಲದೆ, ಬಂಡೆ ಸೀಳಿನಲ್ಲಿ ನಿಂತು ಅಂಗೈ ಅಗಲದ ಹಳದಿ ಹೂವು ಬಿಡುತ್ತದಲ್ಲ, ನಲವತ್ತು ವರ್ಷದಿಂದ ನೋಡುತ್ತಿದ್ದರೂ ನನಗೆ ಸಾಕಾಗಿಲ್ಲ. ಈಗ ಅದರ ಕಾಯಿ ಒಡೆದು ಹತ್ತಿ ಹಾರುವ ಹೊತ್ತು. ಬಿಕ್ಕೆ ಗಿಡದ ಹೂವು ಬೆಳಗ್ಗೆ ಬಿಳಿ, ಮರುದಿನ ಹಳದಿ. ಬೆಪ್ಪಾಲೆಯೂ ಬಿಟ್ಟಿದೆ, ಬೆಳ್ಳಗೆ, ಮಲ್ಲಿಗೆಯ ತಂಗಿಯಂತೆ. ನೀನು ಬಟ್ಟೆಯ ಕೆಲಸದವಳು, ಇದು ನಿನಗೆ ಇಷ್ಟವಾದೀತು: ಬೆಪ್ಪಾಲೆಯ ಎಲೆಯಿಂದ ಹಿಂದೆ ನೀಲಿ ಬಣ್ಣ ತೆಗೆಯುತ್ತಿದ್ದರು. ಚನ್ನಪಟ್ಟಣದ ಬೊಂಬೆ ಮಾಡುವುದೂ ಇದೇ ಮರದಲ್ಲಿ. ಕಕ್ಕೆ ಇನ್ನೇನು ಬಿಡುತ್ತದೆ. ಅದರ ಉದ್ದನೆಯ ಕಾಯಿ ಕರಡಿಗೆ ಬಲು ಪ್ರೀತಿ, ತಿಂದು ಬೀಜವನ್ನು ಗುಡ್ಡದ ತುಂಬ ಹಂಚುವುದೂ ಅದೇ.

ನನ್ನದೂ ಒಂದು ಮುದಿ ನಾಯಿ ಇದೆ. ಅವನನ್ನು ಜೋಗಿಮಟ್ಟಿಗೆ ಮಾತ್ರ ಕರೆದೊಯ್ಯುವುದಿಲ್ಲ. ಅದು ವನ್ಯಧಾಮ. ಅಲ್ಲಿಗೆ ನಾನೊಬ್ಬನೇ ಹೋಗುತ್ತೇನೆ, ಅವನಿಗೆ ಮನೆ ಹಿಂದಿನ ಹೊಲದ ಬದು.


ಬಾತಿಗುಡ್ಡ, ದಾವಣಗೆರೆ
ಏಪ್ರಿಲ್ 11

ಅಕ್ಕ, ಬೇಜಾರು ಮಾಡ್ಕೋಬೇಡಿ, ಒಂದು ಮಾತು. ನಿಮ್ಮ ಒಂದು ನಾಯಿಯಿಂದ ಆಗೋದು ಏನು? ರಾತ್ರಿ ಹೊತ್ತು ಮರಳಿಗೆ ಟ್ರ್ಯಾಕ್ಟರ್ ಇಳಿಯುತ್ತಲ್ಲ, ಒಂದು ಸಲ ಚಕ್ರ ಹೊರಳಿದರೆ ಹತ್ತು ಗೂಡು ಹೋಗುತ್ತೆ. ನಮ್ಮ ಕಡೆ ಕೊಂಡಜ್ಜಿ ಕೆರೆ ಅಂಗಳದಲ್ಲೂ ಟಿಟ್ಟಿಭ ಮೊಟ್ಟೆ ಇಡುತ್ತೆ, ಭಾನುವಾರ ಬಂದವರು ಅದರ ಮೇಲೇ ಬೈಕು ಓಡಿಸ್ತಾರೆ. ನಾಯಿ ಇಟ್ಟುಕೊಂಡವರಿಗೆ ಮಾತ್ರ ಎಲ್ಲರೂ ಬುದ್ಧಿ ಹೇಳೋದು ನೋಡಿ ಸಾಕಾಗಿದೆ.


ಹೊಳೆಸಾಲು, ಹರಿಹರ
ಏಪ್ರಿಲ್ 11

ತಮ್ಮಾ, ಟ್ರ್ಯಾಕ್ಟರ್ ವಿಷಯ ನೀನು ಹೇಳಿದ್ದು ಸರಿ. ಹೋದ ವರ್ಷ ಇದೇ ದಂಡೆಯಲ್ಲಿ ಚಕ್ರದ ಗುರುತು ಎರಡು ಮೊಳ ಆಳ ಇತ್ತು, ಮಳೆಗಾಲದಲ್ಲಿ ಅದರಲ್ಲೇ ನೀರು ನಿಂತು ಎಮ್ಮೆ ಸಿಕ್ಕಿಹಾಕಿಕೊಂಡಿತು. ಅದನ್ನು ನಿಲ್ಲಿಸಲು ನನ್ನ ಕೈಯಲ್ಲಿ ಆಗಿಲ್ಲ. ರಾಗಿಯ ಹಗ್ಗ ನನ್ನ ಕೈಯಲ್ಲೇ ಇದೆ. ಆ ಹಕ್ಕಿ ಕಿರುಚಿದ್ದೂ ನನ್ನ ಮುಖಕ್ಕೇ.

ಮೇಷ್ಟ್ರೇ, ತುಂಬಾ ಉಪಕಾರ. ಇವತ್ತು ದಂಡೆಯ ಮೇಲಿನ ದಾರಿಯಲ್ಲಿ, ಹೊಂಗೆ ಮರದ ಆಚೆಯಿಂದ ಹೋದೆವು. ಹಕ್ಕಿ ಏಳಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಹುಡುಕಿದರೆ ಕಲ್ಲಿನ ನಡುವೆ ಅದರ ಕಪ್ಪು ತಲೆ ಮಾತ್ರ ಕಂಡಿತು. ನೆಲಗುಳ್ಳಕ್ಕೂ ಗುಳ್ಳದ ಬದನೆಗೂ ನೆಂಟಸ್ತನ ಇದೆ ಅಂತ ಹೆಸರಲ್ಲೇ ಇತ್ತು, ನನಗೆ ಹೊಳೆದಿರಲಿಲ್ಲ.

ಈಗ ಬೇರೆ ಚಿಂತೆ. ಬೇಸಿಗೆಯಲ್ಲಿ ಕೆಳಗಿನ ಊರುಗಳ ಕುಡಿಯುವ ನೀರಿಗೆ ಭದ್ರಾ ಅಣೆಕಟ್ಟೆಯಿಂದ ಹೊಳೆಗೆ ನೀರು ಬಿಡುವುದುಂಟು. ಆಗ ನಮ್ಮಲ್ಲಿ ರಾತ್ರೋರಾತ್ರಿ ನೀರು ಏರುತ್ತದೆ. ಸಮುದ್ರರಾಜ ಟಿಟ್ಟಿಭದ ಮೊಟ್ಟೆ ಕೊಂಡೊಯ್ದ ಕಥೆ ಚಿಕ್ಕಂದಿನಲ್ಲಿ ಅವ್ವ ಹೇಳುತ್ತಿದ್ದಳು. ಅದು ಕಥೆ ಅಲ್ಲ, ಹೊಳೆದಂಡೆಯಲ್ಲಿ ಕೂತು ನೋಡಿದವರು ಕಟ್ಟಿದ್ದು ಅಂತ ಈಗ ಅನಿಸುತ್ತಿದೆ.


ದನದಾಸ್ಪತ್ರೆ ಕಾಂಪೌಂಡರ್, ದಾವಣಗೆರೆ ತಾಲ್ಲೂಕು
ಏಪ್ರಿಲ್ 13

ಮೇಡಂ, ಹಕ್ಕಿ ವಿಷಯ ಮೇಷ್ಟ್ರು ಹೇಳಿದ್ದಾರೆ. ನಾನು ರಾಗಿ ವಿಷಯ ಹೇಳ್ತೀನಿ. ಈ ತಿಂಗಳು ನಮ್ಮಲ್ಲಿಗೆ ಬರೋ ನಾಯಿಗಳಲ್ಲಿ ಹೆಚ್ಚಿನವು ಉಣ್ಣಿ ಜ್ವರದವು. ವಾಕಿಂಗ್ ಮುಗಿದ ಮೇಲೆ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಬಾಲದ ಬುಡ, ಕೊರಳಪಟ್ಟಿಯ ಕೆಳಗೆ ಕೈಯಾಡಿಸಿ ನೋಡಿ. ಉಣ್ಣಿ ಸಿಕ್ಕರೆ ಸೀಮೆಎಣ್ಣೆ ಹಾಕಬೇಡಿ, ಬೆಂಕಿಕಡ್ಡಿ ಬೇಡ. ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆಯಿರಿ. ಊಟ ಬಿಟ್ಟು ಮಂಕಾಗಿ ಮಲಗಿದರೆ, ವಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ ಒಂದು ದಿನವೂ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ನೊರಜುಗಲ್ಲು, ಒಣ ಎಲೆ ಇರೋ ಕಡೆ ಮಂಡಲದ ಹಾವು ಇರುತ್ತೆ. ಕುಕ್ಕರ್ ಕೂಗೋ ಮುಂಚೆ ಉಗಿ ಬಿಡುತ್ತಲ್ಲ, ಅಂಥ ಸದ್ದು ಬಂದರೆ ನಾಯಿಯನ್ನು ಹಿಂದಕ್ಕೆ ಎಳೆದುಕೊಳ್ಳಿ. ನಾಯಿಗೆ ಸಾಮಾನ್ಯವಾಗಿ ಕಚ್ಚೋದು ಮೂತಿಗೋ ಮುಂಗಾಲಿಗೋ. ಕಚ್ಚಿದರೆ ಕೊಯ್ಯೋದು, ದಾರ ಬಿಗಿಯೋದು, ಹಸಿರೌಷಧಿ ಯಾವುದೂ ಬೇಡ. ನಡೆಸದೆ ಎತ್ತಿಕೊಂಡು ಸೀದಾ ಡಾಕ್ಟರ ಹತ್ತಿರ. ಮನುಷ್ಯರಿಗೆ ಕೊಡೋ, ನಾಲ್ಕು ಬಗೆ ಹಾವಿನ ವಿಷ ಇಳಿಸೋ ಅದೇ ಇಂಜೆಕ್ಷನ್ನೇ ನಾಯಿಗೂ ಕೆಲಸ ಮಾಡುತ್ತೆ.

ಗದ್ದೆ ಕಾಲುವೆಯ ನೀರು ಕುಡಿಸಬೇಡಿ. ಬೇಸಿಗೆ ಭತ್ತಕ್ಕೆ ಔಷಧಿ ಹೊಡೀತಿರ್ತಾರೆ. ಒಂದು ಬಾಟಲಿ ನೀರು ಜೊತೆಗಿರಲಿ.

ನೀರುನಾಯಿ ಹಿಕ್ಕೆ ಅಂದಿರಲ್ಲ, ಅದನ್ನು ರಾಗಿ ನೆಕ್ಕದಂತೆ ನೋಡಿ. ಅದಕ್ಕಿಂತ ಮುಖ್ಯ, ರಾಗಿಗೆ ರೇಬಿಸ್ ಜೊತೆ ಡಿಸ್ಟೆಂಪರ್ ಲಸಿಕೆಯೂ ಆಗಿದೆಯಾ? ಡಿಸ್ಟೆಂಪರ್ ನಾಯಿಯಿಂದ ನರಿಗೆ, ತೋಳಕ್ಕೆ, ನೀರುನಾಯಿಗೂ ಹರಡುತ್ತೆ. ಲಸಿಕೆ ಹಾಕಿಸಿದರೆ ಹೊಳೆಯಲ್ಲಿರೋ ಅವುಗಳಿಗೂ ಹಾಕಿಸಿದ ಹಾಗೆ.


ಕಂಬಳಿಗೊಪ್ಪೆ, ಜಗಳೂರು
ಏಪ್ರಿಲ್ 14

ನಮ್ಮದು ಕುರಿ ಕಾಯೋ ಮನೆತನ. ರಂಗಯ್ಯನದುರ್ಗದ ಕಾಡಿನ ಅಂಚಿನಲ್ಲೇ ನಮ್ಮ ಹೊಲ. ಕೊಂಡುಕುರಿಗೆ ಅಂತ ಆ ಕಾಡನ್ನು ವನ್ಯಧಾಮ ಮಾಡಿದ್ದಾರೆ. ಗಂಡಿಗೆ ನಾಲ್ಕು ಕೊಂಬು, ಹಿಂದೆ ಎರಡು ಚೂಪು, ಹಣೆ ಮೇಲೆ ಎರಡು ಮೋಟು. ಕಣ್ಣಿಗೆ ಬೀಳೋದು ಅಪರೂಪ, ಆದರೆ ಹಿಕ್ಕೆ ಮಾತ್ರ ಒಂದೇ ಜಾಗದಲ್ಲಿ ಗುಡ್ಡೆ ಹಾಕುತ್ತೆ, ಅದನ್ನು ನೋಡಿ ಇದೆ ಅಂತ ತಿಳ್ಕೋಬೇಕು.

ನಾನು ಹನ್ನೆರಡು ವರ್ಷದವನಿದ್ದಾಗ ನಮ್ಮ ನಾಯಿ ಒಂದು ಕೊಂಡುಕುರಿಯನ್ನು ಅಟ್ಟಿಸಿಕೊಂಡು ಹೋಯ್ತು. ಕಚ್ಚಲಿಲ್ಲ, ಮುಟ್ಟಲೂ ಇಲ್ಲ. ಆದರೂ ಅದು ಸಂಜೆ ಹಳ್ಳದಲ್ಲಿ ಸತ್ತು ಬಿದ್ದಿತ್ತು. ಮೈಮೇಲೆ ಒಂದು ಗಾಯ ಇರಲಿಲ್ಲ. ಬಿಸಿಲಲ್ಲಿ ಓಡೀ ಓಡೀ ಹೋಗಿತ್ತು. ಅವತ್ತು ರಾತ್ರಿ ಅಜ್ಜ ಉಣ್ಣಲಿಲ್ಲ. ಮಾರನೇ ದಿನದಿಂದ ಬೇಸಿಗೆ ಮುಗಿಯೋವರೆಗೂ ನಾಯಿ ಕೊರಳಿಗೆ ಒಂದು ಮರದ ತುಂಡು ಕಟ್ಟಿದರು. ನಡೆಯೋಕೆ ತೊಂದರೆ ಇಲ್ಲ, ಓಡಿದರೆ ಮಾತ್ರ ಮುಂಗಾಲಿಗೆ ತಾಗುತ್ತೆ. ಈಗಲೂ ಉಗಾದಿ ಕಳೆದ ಮೇಲೆ ನಮ್ಮ ಹಟ್ಟಿಯ ನಾಯಿಗಳಿಗೆ ಹಗಲು ಹಗ್ಗ, ರಾತ್ರಿ ಮಂದೆಗೆ ಕಾವಲು.

ಬಾತಿಗುಡ್ಡದ ಅಣ್ಣಾ, ಕಚ್ಚದ ನಾಯಿಯೂ ಕೊಲ್ಲುತ್ತೆ ಅಂತ ಹೇಳೋಕೆ ಇದನ್ನು ಬರೆದೆ.

ಮಂದೆ ಜೊತೆ ಹೊರಟರೆ ಈ ತಿಂಗಳು ಕಾಣೋದು ಆವರಿಕೆ ಹಳದಿ, ಕವಳೆ ಗಿಡದ ಬಿಳಿ ಹೂವು. ಕಮರದ ಮರ ಕೆಂಪು ಚಿಗುರು ಹಾಕಿದೆ. ಕವಳೆ ಹಣ್ಣಿಗೆ ಇನ್ನೂ ತಡ ಇದೆ.


ಬಾತಿಗುಡ್ಡ, ದಾವಣಗೆರೆ
ಏಪ್ರಿಲ್ 14

ಓದಿದೆ ಅಣ್ಣ. ನಮ್ಮ ನಾಯಿಗೂ ಉದ್ದದ ಹಗ್ಗ ತಂದಿದ್ದೀನಿ, ಹದಿನೈದು ಅಡಿದು. ಅಕ್ಕ, ಮೊಟ್ಟೆ ಏನಾಯ್ತು ಅಂತ ಬರೀರಿ.


ಹೊಳೆಸಾಲು, ಹರಿಹರ
ಮೇ 7

ಬರೆಯುವುದು ತಡವಾಯಿತು, ಮದುವೆ ಸೀಸನ್ನು, ರಾತ್ರಿ ಹನ್ನೊಂದಾದರೂ ಮಿಷನ್ ನಿಲ್ಲುತ್ತಿರಲಿಲ್ಲ. ಬೆಳಗಿನ ವಾಕಿಂಗ್ ಮಾತ್ರ ಒಂದು ದಿನವೂ ಬಿಟ್ಟಿಲ್ಲ.

ಏಪ್ರಿಲ್ ಮೂರನೇ ವಾರ ನೀರು ಬಂತು. ನಾನು ಹೆದರಿದ ಹಾಗೇ ಆಯಿತು. ಹಿಂದಿನ ದಿನ ಕಾಲು ನೆನೆಯದೆ ದಾಟುತ್ತಿದ್ದ ಕಲ್ಲುಗಳೆಲ್ಲ ಬೆಳಗ್ಗೆ ಮುಳುಗಿದ್ದವು. ದಂಡೆ ಮೇಲಿಂದಲೇ ನೋಡಿದೆ, ಗೂಡಿಗೂ ನೀರಿಗೂ ನಾಲ್ಕು ಮೊಳ ಉಳಿದಿತ್ತು. ಒಂದು ಹಕ್ಕಿ ಕೂತೇ ಇತ್ತು. ಇನ್ನೊಂದು ನೀರಿನ ಅಂಚಿನಲ್ಲಿ ಆ ಕಡೆ ಈ ಕಡೆ ಓಡಾಡುತ್ತಿತ್ತು. ಮೊಟ್ಟೆಗಳನ್ನು ಎತ್ತಿ ಮೇಲೆ ಇಡಲಾ ಅಂತ ಎರಡು ಹೆಜ್ಜೆ ಇಳಿದವಳು ಹಾಗೇ ನಿಂತೆ. ಜಾಗ ಬದಲಿಸಿದರೆ ಅವು ಮತ್ತೆ ಕೂರುತ್ತವೆ ಅನ್ನುವ ಭರವಸೆ ನನಗಿರಲಿಲ್ಲ. ರಾಗಿಯನ್ನು ತೊಡೆಗೆ ಒತ್ತಿಕೊಂಡು ಅರ್ಧ ಗಂಟೆ ಕೂತೆ. ನೀರು ಇನ್ನೊಂದು ಗೇಣು ಏರಿ ನಿಂತಿತು. ಮೂರನೇ ದಿನ ಇಳಿಯಿತು.

ಗುಂಡಿ ಹಾಕಲು ಬಟ್ಟೆಗೆ ತೂತು ತೆಗೆಯುವ ನನ್ನ ಕಣ್ಣೇ ಸೋಲುವಂಥದ್ದು ಮೊನ್ನೆ ಐದನೇ ತಾರೀಖು ಕಂಡಿತು. ಹಿಂದಿನ ರಾತ್ರಿ ಭರಣಿ ಮಳೆ ನಾಲ್ಕು ಹನಿ ಹಾಕಿತ್ತು, ಮಣ್ಣು ಘಮ್ಮೆನ್ನುತ್ತಿತ್ತು. ಗೂಡಿನಲ್ಲಿ ಒಂದೇ ಮೊಟ್ಟೆ, ಹಕ್ಕಿಗಳು ಇಪ್ಪತ್ತು ಹೆಜ್ಜೆ ಆಚೆ ಕೂಗುತ್ತಿವೆ. ಹೋಯಿತು ಅಂದುಕೊಂಡೆ. ರಾಗಿ ದಂಡೆ ಮೇಲಿಂದಲೇ ಮೂಗು ಎತ್ತಿ ನೆಲಗುಳ್ಳದ ಗಿಡದತ್ತ ನೋಡುತ್ತಾ ಕೂತುಬಿಟ್ಟಳು. ನಾನೂ ಅಲ್ಲೇ ನೋಡಿದೆ. ಮುಳ್ಳಿನ ಎಲೆಯ ನೆರಳಿನಲ್ಲಿ ಒಂದು ಕಲ್ಲು ಉಸಿರಾಡುತ್ತಿತ್ತು. ನಿಂಬೆಹಣ್ಣಿನಷ್ಟು ಮೈ, ಬೆನ್ನು ಮಣ್ಣಿನ ಬಣ್ಣ, ಕತ್ತಿನ ಸುತ್ತ ಬಿಳಿ ಪಟ್ಟಿ ಪೈಪಿಂಗ್ ಹೊಲಿದಷ್ಟು ಅಚ್ಚುಕಟ್ಟು. ತಾಯಿಯ ಕೂಗು ನಿಂತ ಕೂಡಲೇ ಎದ್ದು ಕಡ್ಡಿಯಂಥ ಕಾಲಲ್ಲಿ ಪಟಪಟ ಓಡಿತು. ಅದರ ಹಿಂದೆ ಇನ್ನೊಂದು, ಆಮೇಲೆ ಮತ್ತೊಂದು. ಮೂರು. ನಾಲ್ಕನೇ ಮೊಟ್ಟೆ ಒಡೆಯಲಿಲ್ಲ, ಇವತ್ತು ಅದೂ ಇಲ್ಲ, ಕಾಗೆಯೋ ಮುಂಗುಸಿಯೋ ತಿಂದಿರಬೇಕು.

ಕಾಂಪೌಂಡರ್ ಸರ್, ಡಿಸ್ಟೆಂಪರ್ ಲಸಿಕೆ ಆಗಿರಲಿಲ್ಲ, ಹೋದ ವಾರ ಹಾಕಿಸಿದೆ. ಎಡಗಿವಿಯಲ್ಲಿ ಎರಡು ಉಣ್ಣಿ ಸಿಕ್ಕವು, ನೀವು ಹೇಳಿದ ಹಾಗೇ ತೆಗೆದೆ. ಮೇಷ್ಟ್ರೇ, ನಿಮ್ಮ ಬೆಪ್ಪಾಲೆ ನಮ್ಮ ಸ್ಮಶಾನದ ಬೇಲಿಯಲ್ಲೇ ಇತ್ತು! ಹೂವು ಮುಗಿದು ಜೋಡಿ ಜೋಡಿ ಕಾಯಿ ಇಳಿಬಿದ್ದಿವೆ, ಎರಡರ ತುದಿಯೂ ಒಂದಕ್ಕೊಂದು ಅಂಟಿಕೊಂಡು. ಎಲೆಯ ಬಣ್ಣ ಬಿಳಿ ಬಟ್ಟೆಗೆ ಹತ್ತುವುದು ಹೇಗೆ ಅಂತ ಗೊತ್ತಿದ್ದರೆ ಬರೆಯಿರಿ, ಮಲ್ಲು ಬಟ್ಟೆ ಒಂದು ಮೀಟರ್ ಎತ್ತಿಟ್ಟಿದ್ದೇನೆ.

ಮರಿಗಳು ಹಾರುವವರೆಗೂ ಮೇಲಿನ ದಾರಿಯಲ್ಲೇ ಹೋಗುತ್ತೇವೆ. ನೀರುನಾಯಿ ಇನ್ನೂ ಕಂಡಿಲ್ಲ. ಹಿಕ್ಕೆ ಮಾತ್ರ ಇವತ್ತೂ ಹೊಸದಿತ್ತು.